ಕುದುರೆಯ ಮನೆಗೆ ಹೋದ ಪೇದೆ

ಫೆಬ್ರವರಿ 5, ಬುಧವಾರ. ಬೆಳಗ್ಗೆ 5.40

ಮತ್ತೆ ಅದೇ ಕನಸು. ಎಂಟನೇ ಕ್ಲಾಸಿನ ಕೊಠಡಿ. ಬೆಂಚುಗಳ ಮೇಲೆಲ್ಲ ಚೆಸ್ ಬೋರ್ಡು. ಮೇಷ್ಟ್ರು ಹಾಜರಿ ಕೂಗುತ್ತಿದ್ದಾರೆ. ಎಲ್ಲರ ಹೆಸರೂ ಬಂತು, ನನ್ನದು ಬರಲಿಲ್ಲ. ಎದ್ದು ನಿಂತು ಹೇಳಿದೆ — ಸರ್, ವೀಣಾ. ತಲೆ ಎತ್ತದೆಯೇ ಅಂದರು: ಹಾಜರಿಯಲ್ಲಿ ಇಲ್ಲದವರ ನಡೆ ಲೆಕ್ಕಕ್ಕಿಲ್ಲ. ನನ್ನ ಗಡಿಯಾರ ಮಾತ್ರ ಓಡುತ್ತಿತ್ತು.

ಎದ್ದು ನೀರು ಕುಡಿದೆ. ಮಗ್ಗಕ್ಕೆ ಇಳಿದು ಕೂತೆ, ಎರಡು ಸಲ ಲಾಳಿ ತಪ್ಪಿತು. ಅಶ್ವಥ್ ಹಾಸಿಗೆಯಿಂದಲೇ ಕೇಳಿದರು, "ಏನೇ, ಇವತ್ತು ಯಾರ್ ಸೋಲಿಸಿದ್ರು ಕನಸಲ್ಲಿ?"

"ಯಾರೂ ಇಲ್ಲ. ಹಾಜರಿ ಹಾಕ್ಲಿಲ್ಲ."

"ಶಾಲೆ ಬಿಟ್ಟು ಇಪ್ಪತ್ತು ವರ್ಷ ಆತು. ಇನ್ನೂ ಹಾಜರಿ ಕೇಳ್ತೀಯಲ್ಲ."

ಎಂಟಕ್ಕೇ ಬಿಡಿಸಿದರು. ಮಗ್ಗಕ್ಕೆ ಕೈ ಬೇಕಿತ್ತು. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಆದರೆ ಪಂದ್ಯ ಬಂದಾಗಲೆಲ್ಲ ಈ ಕನಸು.

ಶನಿವಾರ, ಭಾನುವಾರ ಚಳ್ಳಕೆರೆಯಲ್ಲಿ ಜಿಲ್ಲಾ ಪಂದ್ಯ. ಐದು ಸುತ್ತು. ಗೆದ್ದ ಒಬ್ಬರು ರಾಜ್ಯ ಪಂದ್ಯಕ್ಕೆ. ಒಬ್ಬರೇ. ಹೋದ ವರ್ಷ ನಾನು ಎರಡನೆಯವಳು. ಅದರ ಹಿಂದಿನ ವರ್ಷವೂ. ಎರಡು ಸಲವೂ ಮೊದಲನೆಯವರು ಓಬಳೇಶ ಸರ್ — ಚಳ್ಳಕೆರೆಯ ಲೆಕ್ಕದ ಲೆಕ್ಚರರ್. ಏಳು ಸಲ ಚಾಂಪಿಯನ್. ಎರಡು ಸಲವೂ ಕೈ ಕುಲುಕಿ ಅದೇ ಮಾತು ಹೇಳಿದರು: ಚೆನ್ನಾಗಿ ಆಡ್ತೀಯಮ್ಮ, ಓದಿದ್ರೆ ಎಲ್ಲೋ ಇರ್ತಿದ್ದೆ.

ಎಲ್ಲಿ ಇರುತ್ತಿದ್ದೆ? ಕೇಳಬೇಕಿತ್ತು. ಕೇಳಲಿಲ್ಲ.

ಫೆಬ್ರವರಿ 6, ಗುರುವಾರ

ಮಧ್ಯಾಹ್ನ ತಾತನ ಜೊತೆ ಎರಡಾಟ. ಒಂದು ಸೋತೆ, ಒಂದು ಗೆದ್ದೆ.

ಪೆದ್ದಣ್ಣ ತಾತ ನನಗೂ ತಾತ, ಅಶ್ವಥ್‌ಗೂ ತಾತ — ಅತ್ತೆಯ ಮಗನನ್ನೇ ಮದುವೆ ಮಾಡಿಕೊಂಡವಳು ನಾನು. ನನಗೆ ಆಟ ಕಲಿಸಿದ್ದೇ ತಾತ, ಗುಡಿಯ ಕಟ್ಟೆಯ ಮೇಲೆ ಗೀಚಿದ ಮನೆಗಳಲ್ಲಿ. ನವೆಂಬರಿನಲ್ಲಿ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು. ಮಾತೂ ಅರ್ಧ. ಬೋರ್ಡು ಮುಂದಿಟ್ಟರೆ ಮಾತ್ರ ಕಣ್ಣು ಬಿಡುತ್ತಾರೆ. ಆದರೆ ಅವರ ಆಟ ಹಳೆಯ ಆಟ. ಪೇದೆ ಒಂದೊಂದೇ ಮನೆ. ರಾಜನಿಗೆ ಒಂದು ಸಲ ಕುದುರೆ ನೆಗೆತ. ಇನ್ನೊಂದು — ಕೊನೆಯ ಸಾಲು ಮುಟ್ಟಿದ ಪೇದೆ ಯಾರ ಮನೆ ಮುಟ್ಟಿತೋ ಆ ಕಾಯಿಯೇ ಆಗಬೇಕು. ಆನೆಯ ಮನೆಯಾದರೆ ಆನೆ, ಒಂಟೆಯ ಮನೆಯಾದರೆ ಒಂಟೆ. ಪಂದ್ಯದಲ್ಲಾದರೆ ಎಲ್ಲಿ ಮುಟ್ಟಿದರೂ ಬೇಕಾದ ಕಾಯಿ ಮಾಡಿಕೊಳ್ಳಬಹುದು, ಎಲ್ಲರೂ ಮಂತ್ರಿಯನ್ನೇ ಮಾಡುತ್ತಾರೆ. ತಾತನಿಗೆ ಅದು ಮೋಸ.

ಮೂರು ತಿಂಗಳಿಂದ ದಿನಾ ಇದೇ ಆಡಿದ್ದೇನೆ. ಒಂದೇ ತಲೆಯಲ್ಲಿ ಎರಡು ಆಟ. ಹೆದರಿಕೆ. ಅಶ್ವಥ್‌ಗೆ ಹೇಳಿದರೆ ನಗು: "ತೆಲುಗು, ಕನ್ನಡ ಎರಡೂ ಮಾತಾಡ್ತೀಯ. ಕಲಸ್ಕಂತೀಯೇನು?"

ಕಲಸಿಕೊಳ್ಳುತ್ತೇನೆ. ದಿನಾ ಕಲಸಿಕೊಳ್ಳುತ್ತೇನೆ. ಇವರು ಕೇಳಿಸಿಕೊಳ್ಳುವುದಿಲ್ಲ ಅಷ್ಟೆ.

ಫೆಬ್ರವರಿ 7, ಶುಕ್ರವಾರ

ಬ್ಯಾಗಿನಲ್ಲಿ ಆಧಾರ್, ಪೆನ್ನು ಮೂರು, ಬುತ್ತಿಗೆ ಚಿತ್ರಾನ್ನ. ಪೆನ್ನು ಮೂರೂ ಬರೆದು ನೋಡಿದೆ. ಒಂದು ಸರಿಯಿಲ್ಲ. ನಾಲ್ಕನೆಯದು ತಂದೆ. ಆಧಾರ್ ಇದೆಯೋ ಇಲ್ಲವೋ ಎಂದು ಬ್ಯಾಗು ಮತ್ತೆ ಬಿಚ್ಚಿದೆ. ಇದೆ.

ಫೆಬ್ರವರಿ 8, ಶನಿವಾರ. ಬಸ್ಸಿನಲ್ಲಿ

ಕುಲುಕುತ್ತಿದೆ, ಅಕ್ಷರ ಸೊಟ್ಟ. ಮೂರು ಸುತ್ತು ಮುಗಿಯಿತು. ಎರಡು ಗೆಲುವು, ಒಂದು ಡ್ರಾ. ಡ್ರಾ ಆದದ್ದು ನನ್ನ ಹೆದರಿಕೆಯಿಂದ. ಗೆಲ್ಲುವ ಆಟ. ಓಬಳೇಶ ಸರ್ ಮೂರಕ್ಕೆ ಮೂರು.

ಹಾಲ್ ಎಪಿಎಂಸಿ ಹಿಂದಿನ ಕಲ್ಯಾಣ ಮಂಟಪ. ಕಿಟಕಿಯಿಂದ ಗಾಣದ ಕಡಲೆಬೀಜದ ವಾಸನೆ.

ಫೆಬ್ರವರಿ 9, ಭಾನುವಾರ. ಮಧ್ಯಾಹ್ನ 1.30

ನಾಲ್ಕನೆಯದು ಗೆದ್ದೆ. ಅವರೂ ಗೆದ್ದರು. ಅವರಿಗೆ ನಾಲ್ಕು, ನನಗೆ ಮೂರೂವರೆ. ಎರಡು ಗಂಟೆಗೆ ನಾವಿಬ್ಬರು. ಬಿಳಿ ನನ್ನದು. ಅವರಿಗೆ ಡ್ರಾ ಸಾಕು. ನಾನು ಗೆಲ್ಲಲೇಬೇಕು.

ಚಿತ್ರಾನ್ನ ಹಾಗೇ ಮುಚ್ಚಿಟ್ಟೆ. ಗ್ಯಾಸ್ ಆಫ್ ಮಾಡಿದೆನಾ ಎಂದು ಮನೆಗೆ ಫೋನ್ ಮಾಡಿದೆ. ಅಡುಗೆ ಮಾಡಿದ್ದೇ ಅತ್ತೆಯಂತೆ.

ಫೆಬ್ರವರಿ 10, ಸೋಮವಾರ

ನಿನ್ನೆ ಬರೆಯಲಾಗಲಿಲ್ಲ. ಈಗ ಎಲ್ಲ ಬರೆಯುತ್ತೇನೆ. ಬಿಟ್ಟರೆ ನಾಳೆಗೆ ನನಗೇ ಬೇರೆ ಥರ ನೆನಪಾಗುತ್ತದೆ.

ನಲವತ್ತು ನಡೆಗಳವರೆಗೆ ಸಮಸಮ. ಇಬ್ಬರೂ ಕಾಯಿ ಹೊಡೆದುಕೊಳ್ಳುತ್ತಾ ಬಂದೆವು. ಆಮೇಲೆ ಅವರು ನನ್ನ b ಸಾಲಿನ ಪೇದೆಯನ್ನು ಹಗುರವಾಗಿ ತೆಗೆದುಕೊಂಡರು. ನಾನು ಓಡಿಸಿದೆ. ಹಿಡಿಯಲು ಒಂದು ನಡೆ ತಡವಾಯಿತು ಅವರಿಗೆ. ಕುರ್ಚಿಗೆ ಒರಗಿ ಕೂತರು. ಪೆನ್ನಿನ ಕ್ಯಾಪ್ ಹಾಕಿದರು. ಸೋಲೊಪ್ಪುವ ಮುಂಚೆ ಅವರು ಮಾಡುವುದೇ ಹಾಗೆ.

ನಲವತ್ತೇಳನೇ ನಡೆ. ನನ್ನ ಪೇದೆ b8 ಮುಟ್ಟಿತು. ಮಂತ್ರಿ ಇಟ್ಟರೆ ಆಟ ಮುಗಿಯಿತು. ಮಂತ್ರಿ ಕೈಯ ಹತ್ತಿರವೇ ಇತ್ತು.

ಕುದುರೆ ಇಟ್ಟೆ. ಇಟ್ಟು ಗಡಿಯಾರ ಒತ್ತಿದೆ.

b8 ಕುದುರೆಯ ಮನೆ. ಕೈಗೆ ಅಷ್ಟೇ ಗೊತ್ತಿದ್ದದ್ದು. ತಲೆಗೆ ತಿಳಿಯುವಷ್ಟರಲ್ಲಿ ಕೈ ತೊಡೆಯ ಮೇಲೆ ಬಂದಿತ್ತು.

ಓಬಳೇಶ ಸರ್ ಬೋರ್ಡು ನೋಡಿದರು, ನನ್ನನ್ನು ನೋಡಿದರು. ಮೆತ್ತಗೆ ಕೇಳಿದರು, "ಏನಮ್ಮ ಇದು?"

"ಕುದುರೆ ಸರ್."

"ಅದು ಕಾಣ್ತೈತೆ."

ಗಡಿಯಾರ ನಿಲ್ಲಿಸಿ ಆರ್ಬಿಟರ್ ಮುರುಗೇಂದ್ರಪ್ಪನವರನ್ನು ಕರೆದರು. ಪಂದ್ಯದ ತೀರ್ಪೆಲ್ಲ ಅವರದೇ. "ಮುರುಗೇಂದ್ರಪ್ಪನೋರೆ, ಈಯಮ್ಮ ಕೈತಪ್ಪಿ ಇಟ್ಟೈತೆ. ಮಂತ್ರಿ ಮಾಡ್ಕಳ್ಳಿ ಬಿಡ್ರಿ. ನಂದೇನೂ ಅಭ್ಯಂತರ ಇಲ್ಲ."

"ಇಟ್ಟು ಕೈ ಬಿಟ್ಟ ಮೇಲೆ ರೂಲ್ ಪ್ರಕಾರ ಆಗಲ್ಲ," ಅಂದರು ಮುರುಗೇಂದ್ರಪ್ಪನವರು. ಕನ್ನಡಕ ಒರೆಸಿಕೊಂಡರು. "ಆದ್ರೆ... ಇಬ್ರೂ ಒಪ್ಪೋದಾದ್ರೆ ನಾನು ಈಕಡೆ ನೋಡಿಲ್ಲ ಅನ್ಕಳ್ರಿ."

ಅಷ್ಟರಲ್ಲಿ ಬೇರೆ ಟೇಬಲಿನವರೆಲ್ಲ ಸುತ್ತ ಸೇರಿದ್ದರು. ಹಿಂದಿನಿಂದ ಯಾರೋ ನನ್ನೂರಿನ ಹೆಸರು ಹಿಡಿದು ಅಂದರು, "ಮೊಳಕಾಲ್ಮೂರು ರೂಲ್ಸ್ ಕಣಲೇ ಅದು." ಇನ್ನೊಬ್ಬ, "ಸೀರೆ ಬಾರ್ಡರಿಗೆ ಕುದುರೆ ಬೇಕಿತ್ತೇನೋ." ನಗು.

ಹೂಂ ಅಂದರೆ ಗೆದ್ದೆ. ರಾಜ್ಯ ಪಂದ್ಯ. ಮೂರು ವರ್ಷದಿಂದ ಕಾದದ್ದು. ಆದರೆ ಇನ್ನು ಏಳು ವರ್ಷ ಕಳೆದರೂ ಅವರು ಹೇಳುತ್ತಾರೆ, ಪಾಪ, ನಾನೇ ಮಂತ್ರಿ ಕೊಟ್ಟೆ. ಅದನ್ನೂ ಮೆತ್ತಗೇ ಹೇಳುತ್ತಾರೆ.

"ಬೇಡ ಸರ್," ಅಂದೆ. "ಇಟ್ಟಿದ್ದು ಇಟ್ಟಿದ್ದೇ. ಗಡಿಯಾರ ಬಿಡ್ರಿ."

"ಯೋಚ್ನೆ ಮಾಡಮ್ಮ."

"ಮಾಡಿದ್ರೆ ಹೂಂ ಅಂದ್ಬಿಡ್ತೀನಿ. ಬಿಡ್ರಿ ಸರ್."

ಗಡಿಯಾರ ಓಡಿತು. ನಗುವವರನ್ನು ಸುಮ್ಮನಿರಿಸಲು ಮುರುಗೇಂದ್ರಪ್ಪನವರು ಬಾಗಿಲ ತನಕ ಹೋಗಬೇಕಾಯಿತು. ಆ ಗದ್ದಲದಲ್ಲೇ ಮೂರು ನಡೆ ಆಡಿದೆವು. ಅಂಚಿನ ಕುದುರೆ ಸಿಕ್ಕಿಬೀಳುವುದರಲ್ಲಿತ್ತು, c6ಗೆ ಹಾರಿಸಿ ಬಿಡಿಸಿಕೊಂಡೆ.

ಈಗ ನನಗೆ ರಾಜ, ಕುದುರೆ, ಮೂರು ಪೇದೆ. ಅವರಿಗೆ ರಾಜ, ಒಂಟೆ, ಮೂರು ಪೇದೆ. ಸಮಸಮ. ಯಾರನ್ನು ಕೇಳಿದರೂ ಡ್ರಾ ಅನ್ನುತ್ತಾರೆ. ಅವರೂ ಕೇಳಿದರು.

"ಡ್ರಾ?"

"ಇಲ್ಲ ಸರ್."

ಇಪ್ಪತ್ತು ನಡೆಯ ಮೇಲೆ ಮತ್ತೆ, "ಏನೈತಮ್ಮ ಇದ್ರಾಗೆ?"

"ನೋಡಾಣ ಸರ್."

ಇದ್ದದ್ದು ಇಷ್ಟು. ಅವರ ಒಂಟೆ ಬಿಳಿ ಮನೆಗಳಲ್ಲಷ್ಟೇ ನಡೆಯುವಂಥದ್ದು. ನನ್ನ ಮೂರು ಪೇದೆಗಳೂ ಕಪ್ಪು ಮನೆಯಲ್ಲಿ. ಅದು ನನ್ನದೇನನ್ನೂ ಮುಟ್ಟುವ ಹಾಗಿಲ್ಲ. ಅವರ ಪೇದೆಗಳು ಮೂರೂ ಬಿಳಿ ಮನೆಯಲ್ಲೇ ಸಿಕ್ಕಿಕೊಂಡು, ಒಂಟೆ ಅವುಗಳ ಕಾವಲಿಗೆ ನಿಂತಿತು. ಕುದುರೆಗೆ ಬಣ್ಣದ ಹಂಗಿಲ್ಲ. ನನ್ನ ರಾಜ ಕಪ್ಪು ಮನೆಗಳ ಮೇಲೆ ಒಂದೊಂದೇ ಹೆಜ್ಜೆ ಒಳಗೆ ಹೋಯಿತು. ಅವರು ಕಷ್ಟಪಟ್ಟು ತಡೆದರು — ಚೆನ್ನಾಗಿಯೇ ತಡೆದರು. ಎರಡು ಸಲ ಹಿಂದಕ್ಕೆ ಅಟ್ಟಿದರು. ಮತ್ತೆ ಸುತ್ತಿಕೊಂಡು ಹೋದೆ.

ತೊಂಬತ್ತೇಳನೇ ನಡೆ. ನನ್ನ ರಾಜ e7ಗೆ.

ಹಾಲ್ ಖಾಲಿಯಾಗಿತ್ತು. ಅವರು ಬೋರ್ಡಿನ ಮೇಲೆ ಬಗ್ಗಿದರು, ಬಗ್ಗಿಯೇ ಇದ್ದರು. ಯಾವುದು ನಡೆಸಿದರೂ ಹೋಯಿತು. ರಾಜ ಸರಿದರೆ f7 ಪೇದೆ ಹೋಯಿತು. ಒಂಟೆ ಸರಿದರೂ ಅದೇ ಹೋಯಿತು. ಆ ಪೇದೆಯನ್ನೇ ಮುಂದೆ ತಳ್ಳಿದರೆ ನನ್ನ ಪೇದೆ ಅದನ್ನು ಹೊಡೆದು ನುಗ್ಗುತ್ತದೆ. ಸುಮ್ಮನೆ ಕೂತರೆ ಎಲ್ಲ ಕ್ಷೇಮ. ಆದರೆ ಚೆಸ್ಸಿನಲ್ಲಿ ಈ ಸಲ ನಡೆಸಲ್ಲ ಅನ್ನುವ ಹಾಗಿಲ್ಲ, ನಡೆಸಲೇಬೇಕು.

ಒಂಬತ್ತು ನಿಮಿಷ ಕೂತರು. ನಡೆಸಲಿಲ್ಲ. ಗಡಿಯಾರ ನಿಲ್ಲಿಸಿದರು.

"ಐವತ್ತು ನಡೆ ಆತು. ಕಾಯಿ ಹೊಡೆದಿಲ್ಲ, ಪೇದೆ ನಡೆದಿಲ್ಲ. ಡ್ರಾ ಕೇಳ್ತೀನಿ."

ಹಾಗೊಂದು ನಿಯಮವಿದೆ. ಮುರುಗೇಂದ್ರಪ್ಪನವರು ಬಂದರು. ನಡೆ ಬರೆದ ಶೀಟಿನ ಮೇಲೆ ಬೆರಳಾಡಿಸಿದರು. "ಕೊನೇ ಪೇದೆ ನಡೆ ಆ ಕುದುರೆ ಇಟ್ಟಾಗ. ನಲವತ್ತೇಳು. ಈಗ ತೊಂಬತ್ತೇಳು. ಕರೆಕ್ಟ್ ಐತೆ." ಆ ಕುದುರೆಯನ್ನು ಯಾರು ಮರೆಯುತ್ತಾರೆ?

ತಲೆ ಖಾಲಿ. ತೊಂಬತ್ತೇಳರಲ್ಲಿ ನಲವತ್ತೇಳು ಹೋದರೆ ಐವತ್ತು. ಅದಕ್ಕೆ ಎಂಟನೇ ಕ್ಲಾಸು ಸಾಕು. ಶೀಟು ನನ್ನ ಮುಂದೆ ತಳ್ಳಿದರು. "ಸೈನ್ ಹಾಕಮ್ಮ. ಬಸ್ಸಿಗೆ ಹೊತ್ತಾತು ನಿಂಗೆ."

"ಹಾಕಲ್ಲ ಸರ್."

"ಯಾಕೆ?"

"ಗೊತ್ತಿಲ್ಲ. ಎಣಿಸ್ಬೇಕು."

"ಎಣಿಸಿದ್ನಲ್ಲ."

"ನಾನು ಎಣಿಸ್ಬೇಕು ಸರ್."

ಓಬಳೇಶ ಸರ್ ಕಿಟಕಿಯ ಕಡೆ ತಿರುಗಿದರು. ಮುರುಗೇಂದ್ರಪ್ಪನವರು ಉಸಿರು ಬಿಟ್ಟರು. ತಕರಾರಿದ್ದರೆ ಮೂರು ದಿನದಲ್ಲಿ ಬರೆದು ಕೊಡು ಎಂದು ನನ್ನ ಶೀಟಿನ ಕಾರ್ಬನ್ ಪ್ರತಿ ಕೈಗಿಟ್ಟರು. ಬಸ್ಸಿನಲ್ಲಿ ದೀಪ ಇರಲಿಲ್ಲ. ಮಡಚಿದ ಕಾಗದ ಹಿಡಿದುಕೊಂಡೇ ಊರು ಸೇರಿದೆ. ಸೈನ್ ಯಾಕೆ ಹಾಕಲಿಲ್ಲ? ಇವತ್ತಿಗೂ ಗೊತ್ತಿಲ್ಲ. ಶೀಟು ಬಿಚ್ಚಲೂ ಹೆದರಿಕೆ. ಐವತ್ತೇ ಇದ್ದರೆ?

ಫೆಬ್ರವರಿ 11, ಮಂಗಳವಾರ

ಬಿಚ್ಚಿದೆ.

ತಾತನ ಮುಂದೆ ಬೋರ್ಡು ಹಾಕಿ ನಲವತ್ತೇಳರಿಂದ ಆಡಿಸಿದೆ. ನಾನು ಓದುವುದು, ತಾತ ಎಡಗೈಯಲ್ಲಿ ಕಾಯಿ ಸರಿಸುವುದು. ನಡೆಗೊಂದು ಹುಣಸೆ ಬೀಜ. ಮೊದಲೇ ಎಲ್ಲ ಹೇಳಿಕೊಂಡೆ — ಮರೆತು ಕುದುರೆ ಇಟ್ಟುಬಿಟ್ಟೆ ತಾತ, ಎಲ್ಲರೂ ನಕ್ಕರು. ತಾತನಿಗೆ ತಪ್ಪು ಎಲ್ಲಿದೆ ಎಂದೇ ತಿಳಿಯಲಿಲ್ಲ. "ಗುರ್ರಂ ಇಂಟಿಕಿ ಪೋಯಿಂದಿ," ಅಂದರು. "ಗುರ್ರಮೇ ಕದಾ." ಕುದುರೆಯ ಮನೆಗೆ ಹೋಯಿತು, ಕುದುರೆಯೇ ತಾನೆ? ಮತ್ತೇನು ಇಡಬೇಕಿತ್ತು ಎಂಬಂತೆ ನೋಡಿದರು. ನನಗೆ ನಗುವೂ ಬಂತು, ಅಳುವೂ ಬಂತು.

ನಲವತ್ತೆಂಟು — ಕುದುರೆ c6. ನಲವತ್ತೊಂಬತ್ತು — ಕುದುರೆ d4, ರಾಜನಿಗೆ ಚೆಕ್. ಐವತ್ತು — h4.

ಓದಿ ನಿಲ್ಲಿಸಿದೆ. h4. ಕಾಯಿಯ ಹೆಸರಿಲ್ಲ ಮುಂದೆ. ಹೆಸರಿಲ್ಲದಿದ್ದರೆ ಪೇದೆ. h3ರಲ್ಲಿದ್ದ ಪೇದೆಯನ್ನು ಒಂದು ಮನೆ ಮುಂದಿಟ್ಟಿದ್ದೇನೆ. ಆ ಗದ್ದಲದಲ್ಲಿ. ಮುರುಗೇಂದ್ರಪ್ಪನವರು ಬಾಗಿಲಲ್ಲಿದ್ದಾಗ. ನನಗೇ ನೆನಪಿಲ್ಲ.

ಬೀಜಗಳನ್ನೆಲ್ಲ ಬಾಚಿ ಮತ್ತೆ ಐವತ್ತೊಂದರಿಂದ ಎಣಿಸಿದೆ. ನಲವತ್ತೇಳು. ಇನ್ನೊಮ್ಮೆ. ನಲವತ್ತೇಳು. ಅಶ್ವಥ್ ಕೈಲಿ ಎಣಿಸಿಸಿದೆ. "ನಲವತ್ತಾರು," ಅಂದರು. ಜೀವ ಹೋಯಿತು. ಒಂದು ಬೀಜ ಅವರ ಮೊಣಕಾಲಿನ ಕೆಳಗಿತ್ತು.

ಇನ್ನೂ ಮೂರು ನಡೆ ಉಳಿದಿತ್ತು. ಡ್ರಾ ಅಲ್ಲ. ಆಟ ಮುಗಿದೇ ಇಲ್ಲ.

ಫೆಬ್ರವರಿ 12, ಬುಧವಾರ

ಅರ್ಜಿ ಬರೆದೆ. ಐದು ಹಾಳೆ ಹರಿದೆ. "ಮೇಲ್ಮನವಿ" ಸರಿಯೋ ಎಂದು ಮೊಬೈಲಿನಲ್ಲಿ ನೋಡಿದೆ. ಅಶ್ವಥ್ ಪಕ್ಕದಲ್ಲಿ ಕೂತು, "ಕುದುರೆ ಬೇಕಂತಲೇ ಇಟ್ಟೆ ಅಂತ ಒಂದ್ ಸಾಲು ಸೇರಿಸು," ಅಂದರು.

"ಬೇಕಂತ ಇಟ್ಟಿಲ್ಲ."

"ಯಾರಿಗೆ ಗೊತ್ತಾಗ್ತೈತೆ?"

"ನಂಗೆ."

ಬರೆದೆ: 47ರಲ್ಲಿ ಮರೆತು ಕುದುರೆ ಇಟ್ಟೆ. ಅದು ನನ್ನ ತಪ್ಪು, ಅದರ ಬಗ್ಗೆ ತಕರಾರಿಲ್ಲ. 50ರಲ್ಲಿ ಪೇದೆ ನಡೆದಿದೆ. ಆಟ ನಿಂತಲ್ಲಿಂದ ಮುಂದುವರಿಸಬೇಕು.

ಇಷ್ಟೇ. ಮುರುಗೇಂದ್ರಪ್ಪನವರಿಗೆ ಫೋಟೋ ಕಳಿಸಿ, ಮೂಲವನ್ನು ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟೆ. ಬಸ್ಸು ತಿರುವು ದಾಟುವವರೆಗೆ ನಿಂತೆ. ಕಂಡಕ್ಟರ್ ಮರೆತರೆ?

ಫೆಬ್ರವರಿ 16, ಭಾನುವಾರ

ಮೂರು ದಿನ ಸುದ್ದಿಯಿಲ್ಲ. ಇವತ್ತು ಬಾಗಿಲಿಗೇ ಬಂತು.

ಬೊಮ್ಮಲಿಂಗಪ್ಪನವರು, ಪಂದ್ಯ ನಡೆಸಿದ ಕ್ಲಬ್ಬಿನ ಕಾರ್ಯದರ್ಶಿ. ಜೊತೆಗೆ ಅವರ ಹೆಂಡತಿ ಸೂರಮ್ಮ. ಮಗಳ ಮದುವೆಗೆ ಸೀರೆ ನೋಡಲು ಬಂದದ್ದಂತೆ. ಚಾಪೆ ಹಾಸಿದೆವು. ಸೂರಮ್ಮನವರು ಸೆರಗು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇವರು ಮಾತ್ರ ಸೀರೆ ನೋಡಲಿಲ್ಲ, ಜೇಬಿನಿಂದ ಒಂದು ಕಾಗದ ತೆಗೆದು ಸೀರೆಯ ಮೇಲೇ ಇಟ್ಟರು.

"ನೋಡಮ್ಮ ವೀಣಾ, ಜಗಳ ಬ್ಯಾಡ. ಇಬ್ರೂ ಜಂಟಿ ಚಾಂಪಿಯನ್ ಅಂತ ಹಾಕ್ತೀವಿ. ಇಬ್ರಿಗೂ ಕಪ್. ಪೇಪರ್ನಾಗೆ ಇಬ್ರ ಫೋಟೋ. ಇಲ್ಲೊಂದು ಸೈನ್ ಹಾಕು."

"ರಾಜ್ಯಕ್ಕೆ ಯಾರು ಹೋಗ್ತಾರೆ ಸರ್?"

"ಅದು... ಓಬಳೇಶ ಸೀನಿಯರ್ ಅಲ್ವಾ."

"ಅಂದ್ರೆ ಕಪ್ ನಂಗೆ, ಬಸ್ ಅವರ್ಗೆ."

ಸೂರಮ್ಮನವರು ಸೆರಗಿನ ಮರೆಯಲ್ಲಿ ನಕ್ಕರು. ಬೊಮ್ಮಲಿಂಗಪ್ಪನವರಿಗೆ ರೇಗಿತು. "ನೀನೇ ಬರ್ಕೊಟ್ಟಿದೀಯಲ್ಲಮ್ಮ, ಮರೆತು ಕುದುರೆ ಇಟ್ಟೆ ಅಂತ. ಅಲ್ಲಿ ಹೋದಾಗ ಯಾರಾನ ಕೇಳಿದ್ರೆ? ಪೇದೆ ಏನಾಗ್ತೈತೆ ಅಂತಾನೂ ಗೊತ್ತಿಲ್ದೋರ್ನ ಕಳ್ಸಿದಾರೆ ಅಂದ್ರೆ ಜಿಲ್ಲೆ ಮಾನ ಏನಾಗ್ಬೇಕು?"

ಅಂದೇಬಿಟ್ಟೆ. "ಆ ಕುದುರೆನೇ ಸರ್ ನಿಮ್ ಚಾಂಪಿಯನ್ನ ಒಂಬತ್ತು ನಿಮಿಷ ಅಲ್ಲಾಡದಂಗೆ ಕೂರಿಸಿದ್ದು. ಮಾನ ಹೋಗಿದ್ರೆ ಅವತ್ತೇ ಹೋಗೈತೆ. ಯಾರ್ದು ಅಂತ ನಾನು ಹೇಳಲ್ಲ."

ಅಶ್ವಥ್ ಕೆಮ್ಮಿದರು. ಬೊಮ್ಮಲಿಂಗಪ್ಪನವರು ದನಿ ಇಳಿಸಿದರು. "ಮಗಳ ಮದುವೆಗೆ ನಾಕು ಸೀರೆ ಬೇಕು. ನಾಕೂ ನಿಮ್ಮನ್ಯಾಗೆ ನೇಯಿಸ್ತೀನಿ."

"ಸೀರೆ ಬೇರೆ, ಸೈನ್ ಬೇರೆ ಸರ್." ಕಾಗದ ತೆಗೆದು ಅವರ ಕೈಗಿಟ್ಟೆ. "ರೇಷ್ಮೆ ಮ್ಯಾಲೆ ಇಂಕು ತಾಗಿದ್ರೆ ಹೋಗಲ್ಲ."

ಸೂರಮ್ಮನವರು ಎದ್ದರು. "ಸುಮ್ನೆ ಬರ್ರೀ. ಮನೇಲಿ ಚೌಕಾಬಾರ ಸೋತ್ರೂ ಕವಡೆ ಎಸೀತಾರೆ, ಊರೋರಿಗೆ ಬುದ್ಧಿ ಹೇಳಕ್ ಬಂದ್ರು." ನನ್ನ ಕಡೆ ತಿರುಗಿ, "ಆ ನೇರಳೆ ಬಣ್ಣದ್ದು ಯಾರಿಗೂ ಕೊಡಬ್ಯಾಡ, ನಾನೊಬ್ಬಳೇ ಬರ್ತೀನಿ," ಅಂದರು.

ಅವರು ಹೋದ ಮೇಲೆ ಅಲ್ಲೇ ಕೂತೆ. ಇಷ್ಟು ಮಾತಾಡಬಾರದಿತ್ತೇನೋ. ಮುಂದಿನ ವರ್ಷ ಹೆಸರೇ ತೆಗೆದುಕೊಳ್ಳದಿದ್ದರೆ? ಅತ್ತೆ ಒಳಗಿನಿಂದ ನೀರು ತಂದರು. "ಬಾಗ ಚೆಪ್ಪಿನಾವೇ," ಅಂದರು. ಚೆನ್ನಾಗಿ ಹೇಳಿದೆ ಅಂತ. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ಫೆಬ್ರವರಿ 19, ಬುಧವಾರ

ಓಬಳೇಶ ಸರ್ ಫೋನ್. ಮೂರನೇ ರಿಂಗಿಗೆ ಎತ್ತಿದೆ.

"ವೀಣಾ, ಮುರುಗೇಂದ್ರಪ್ಪ ನನ್ ಶೀಟ್ ಕೇಳಿದ್ರು. ಕೊಟ್ಟೆ. ನನ್ನದ್ರಾಗೂ h4 ಐತೆ. ನನ್ ಕೈಯಾರೆ ಬರ್ದೀನಿ, ನನಗೇ ಖಬರಿಲ್ಲ. ಇಲ್ಲ ಅಂತ ಸುಳ್ಳು ಹೇಳಲ್ಲ ನಾನು."

"ಥ್ಯಾಂಕ್ಸ್ ಸರ್."

"ಥ್ಯಾಂಕ್ಸ್ ಯಾಕೆ? ಬಿಟ್ಟುಕೊಡ್ತೀನಿ ಅಂದ್ನಾ? ಆಡಿಸಿದ್ರೆ ಆಡ್ತೀನಿ. ಒಂದು ದಾರಿ ಸಿಕ್ರೂ ಬಿಡಲ್ಲ."

"ಬಿಡಬ್ಯಾಡ್ರಿ ಸರ್."

ಆಮೇಲೆ, "ಅವತ್ತು ಮಂತ್ರಿ ತಗ ಅಂದೆ. ಅದಕ್ಕೆ ಸಿಟ್ಟಾ?"

"ಸಿಟ್ಟಿಲ್ಲ. ನೀವು ಹೋದ ಸಲ ಒಂದ್ಮಾತು ಅಂದಿದ್ರಿ. ಓದಿದ್ರೆ ಎಲ್ಲೋ ಇರ್ತಿದ್ದೆ ಅಂತ."

"ಹೂಂ, ಅಂದಿದ್ದೆ."

"ನಾನು ಇಲ್ಲೇ ಇದೀನಿ ಸರ್. ನಿಮ್ಮೆದುರಿಗೆ."

ನಕ್ಕರು. ಈ ಸಲದ ನಗು ಬೇರೆ. ಫೋನ್ ಇಟ್ಟ ಮೇಲೆ ಮಾತ್ರ ಹೆಚ್ಚಾಯಿತೇನೋ ಅನ್ನಿಸಿತು. ಆದರೆ ವಾಪಸ್ ಫೋನ್ ಮಾಡಿ ತಪ್ಪಾಯಿತು ಅನ್ನಲಿಲ್ಲ. ಮೊದಲಾಗಿದ್ದರೆ ಮಾಡುತ್ತಿದ್ದೆ.

ಫೆಬ್ರವರಿ 21, ಶುಕ್ರವಾರ. ಬೆಳಗ್ಗೆ 11

ಬಂತು. ಮುರುಗೇಂದ್ರಪ್ಪನವರ ವಾಟ್ಸಾಪ್. ಅರ್ಜಿ ಒಪ್ಪಿದ್ದಾರೆ. 50ನೇ ನಡೆ ತಾವು ಗಮನಿಸಲಿಲ್ಲ ಎಂದು ಅವರೇ ಬರೆದಿದ್ದಾರೆ. ಭಾನುವಾರ 23, ಹತ್ತು ಗಂಟೆಗೆ ಅದೇ ಹಾಲ್, ಆಟ ನಿಂತಲ್ಲಿಂದ ಮುಂದಕ್ಕೆ.

ಅಶ್ವಥ್‌ಗೆ ಓದಿ ಹೇಳಿದೆ. ಮಗ್ಗ ನಿಲ್ಲಿಸಿ ಎದ್ದು ಬಂದರು. ತಾತನಿಗೆ ಬೋರ್ಡು ಹಾಕಿ ತೋರಿಸಿದೆ. ಬಿಳಿ ರಾಜ e7, ಕುದುರೆ e5, ಪೇದೆ f4, g5, h4. ಕರಿ ರಾಜ g7, ಒಂಟೆ g8, ಪೇದೆ f7, g6, h5. ಎಲ್ಲ ಸರಿ. ನನ್ನ ಸಮಯ ಹದಿನಾಲ್ಕು ನಿಮಿಷ, ಅವರದು ಆರು. ಸರಿ.

ಅರ್ಧ ಗಂಟೆ ನಿಶ್ಚಿಂತೆಯಾಗಿದ್ದೆ. ಅದೂ ಬರೆದಿಡಬೇಕಾದದ್ದೇ.

ಆಮೇಲೆ ಇನ್ನೊಂದು ಸಲ ಓದಿದೆ. ಕಟ್ಟಕಡೆಯ ಸಾಲು — ನಡೆ: ಬಿಳಿ.

ಬಿಳಿ ನಾನು.

ಅದೇ ಕಾಯಿ, ಅದೇ ಮನೆ. ನಡೆ ಅವರದಾದರೆ ಅವರು ಸೋತರು. ನಡೆ ನನ್ನದಾದರೆ ಅವರು ಬದುಕಿದರು. ನಡೆಯನ್ನು ಮತ್ತೆ ಅವರ ತಲೆಗೆ ಕಟ್ಟಬೇಕಾದರೆ ನನ್ನ ರಾಜ ಒಂದು ಸುತ್ತು ಹಾಕಿ ಬರಬೇಕು: d7, d8, ವಾಪಸ್ e7. ಮೂರು ನಡೆ. ಆಗಿರುವುದು ನಲವತ್ತೇಳು. ಬೋರ್ಡಿನ ಮೇಲೆ ಹತ್ತು ಸಲ ಆಡಿ ನೋಡಿದೆ, ಮೂರಕ್ಕಿಂತ ಕಡಿಮೆಯಾಗುವುದಿಲ್ಲ. ಸುತ್ತಿ ಬರುವಷ್ಟರಲ್ಲಿ ಐವತ್ತು ತುಂಬುತ್ತದೆ, ಆಗ ಡ್ರಾ ನಿಜವಾಗಿಯೂ ಡ್ರಾ.

ಮುರುಗೇಂದ್ರಪ್ಪನವರು ಬೇಕೆಂದು ಮಾಡಿದವರಲ್ಲ. ಬೋರ್ಡು ಜೋಡಿಸಿದರೆ ಬಿಳಿ ಮೊದಲು ಎಂಬ ಅಭ್ಯಾಸ. ಅವರ ಕೈಗೂ ಅಭ್ಯಾಸ ಇರುತ್ತದಲ್ಲ.

ಅಶ್ವಥ್ ಅಂದರು, "ಈಗಷ್ಟೇ ಒಪ್ಪವ್ರೆ. ಮತ್ತೆ ಕೆದಕಿದ್ರೆ ಎಲ್ಲಾನೂ ಬ್ಯಾಡ ಅಂದಾರು. ಭಾನುವಾರ ಹೋಗಿ ಕೇಳು."

ಭಾನುವಾರ ಗಡಿಯಾರ ಎದುರಿಗಿರುತ್ತದೆ, ಜನ ಸುತ್ತ ಇರುತ್ತಾರೆ. ಆಗ ನನ್ನ ಬಾಯಿ ಕಟ್ಟುತ್ತದೆ, ನನಗೆ ಗೊತ್ತು. ಈಗಲೇ ಕೇಳುತ್ತೇನೆ. ಬೇಡ ಅಂದರೆ ಇನ್ನೊಂದು ಅರ್ಜಿ. ಅದಕ್ಕೂ ಬೇಡ ಅಂದರೆ ಇನ್ನೊಂದು. ಪೆನ್ನು ನಾಲ್ಕಿವೆ.

ತಪ್ಪಿಲ್ಲದಿರಲಿ ಎಂದು ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ಮೊಬೈಲಿನಲ್ಲಿ:

ಮುರುಗೇಂದ್ರಪ್ಪ ಸರ್, ನಮಸ್ಕಾರ. ಆಟ ಮುಂದುವರಿಸಲು ಒಪ್ಪಿದ್ದಕ್ಕೆ ಧನ್ಯವಾದ. ಕಾಯಿ, ಸಮಯ ಎಲ್ಲ ಸರಿ ಇವೆ. ನೀವು ನಡೆ ಬಿಳಿಯದು ಎಂದು ಬರೆದಿದ್ದೀರಿ. 97ರಲ್ಲಿ ನಾನು ರಾಜನನ್ನು e7ಗೆ ಇಟ್ಟು ಗಡಿಯಾರ ಒತ್ತಿದ ಮೇಲೆ ಓಬಳೇಶ ಸರ್ ನಡೆಸಲಿಲ್ಲ, ಡ್ರಾ ಕೇಳಿದರು. ಎರಡೂ ಶೀಟು ನಿಮ್ಮ ಹತ್ತಿರವೇ ಇವೆ. 97ರ ಎದುರು ಕರಿಯ ಕಾಲಂ ಖಾಲಿ ಇರಬೇಕು. ದಯವಿಟ್ಟು ಅದೊಂದನ್ನು ಇನ್ನೊಂದು ಸಲ ನೋಡಿ.